ಬಂಗಾರಪ್ಪನವರ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ!



ಎಸ್. ಬಂಗಾರಪ್ಪ ತೀರಿಕೊಂಡದ್ದು 2011ರ ಡಿಸೆಂಬರ್ 26ರಂದು. ಇಷ್ಟು ವರ್ಷಗಳಾದರೂ ಅವರ ಹೆಸರೆತ್ತಿದರೆ ಸಾಕು, ಎರಡು ಗುಂಪುಗಳು ಎದ್ದು ನಿಲ್ಲುತ್ತವೆ. ಒಂದು ಗುಂಪಿಗೆ ಅವರು ಸೋಲಿಲ್ಲದ ಸರದಾರ, ಬಡವರ ಬಂಧು, ಕಾವೇರಿಗಾಗಿ ದಿಲ್ಲಿಗೇ ಸೆಡ್ಡು ಹೊಡೆದ ಗಂಡುಗಲಿ. ಇನ್ನೊಂದು ಗುಂಪಿಗೆ ಅವರು ಹಗರಣಗಳ ಮುಖ್ಯಮಂತ್ರಿ, ಪಕ್ಷಾಂತರದ ಪಂಡಿತ, ಖಜಾನೆ ಬರಿದು ಮಾಡಿದ ಪುಢಾರಿ. ಮೊದಲ ಗುಂಪು ಜೈಕಾರದಲ್ಲಿ ಪ್ರಶ್ನೆಯನ್ನೇ ಮುಳುಗಿಸುತ್ತದೆ. ಎರಡನೇ ಗುಂಪು ಮೂಗು ಮುರಿದು ಎದ್ದು ಹೋಗುತ್ತದೆ. ಲೆಕ್ಕದ ಪುಸ್ತಕ ತೆರೆದು ನೋಡುವವರು ಮಾತ್ರ ಯಾರೂ ಇಲ್ಲ.

ನಾವು ತೆರೆಯೋಣ. ಸತ್ತವರನ್ನು ಹಳಿಯುವ ಚಟ ನಮಗಿಲ್ಲ. ಆದರೆ ನಾಳೆ ನಿಮ್ಮ ಬೀದಿಗೆ ಕೆಂಪು ಹಳದಿ ಶಾಲು ಹೊದ್ದು, 'ನಾನು ನಿಮ್ಮವನು' ಎಂದು ಕೈಮುಗಿದು ಬರುವ ನಾಯಕನನ್ನು ಅಳೆಯಲು ನಿಮ್ಮ ಕೈಯಲ್ಲಿ ಒಂದು ಅಳತೆಗೋಲು ಬೇಕೋ ಬೇಡವೋ?

ಕೊಟ್ಟದ್ದನ್ನು ಇಲ್ಲವೆನ್ನಬೇಡಿ

ಮೊದಲು ಜಮೆಯ ಕಡೆ ನೋಡಿ. ಸೊರಬ ತಾಲ್ಲೂಕಿನ ಕುಬಟೂರಿನ ದೀವರ ಮನೆಯಿಂದ ಬಂದ ಹುಡುಗ ವಕೀಲನಾದ, ಸಮಾಜವಾದಿಯಾದ, 1967ರಲ್ಲಿ ಶಾಸಕನಾದ. ಅದೇ ಸೊರಬದಿಂದ ಸಾಲಾಗಿ ಏಳು ಚುನಾವಣೆ ಗೆದ್ದ. ಕಾಗೋಡಿನ ಗೇಣಿದಾರರು 1951ರಲ್ಲಿ ಒಡೆಯರ ಎದುರು ಸತ್ಯಾಗ್ರಹ ಮಾಡಿದ ಸೀಮೆ ಅದು. ಅಲ್ಲಿಂದ ಬಂದವನೊಬ್ಬ 1990ರ ಅಕ್ಟೋಬರ್ 17ರಂದು ವಿಧಾನಸೌಧದ ಖುರ್ಚಿಯಲ್ಲಿ ಕುಳಿತದ್ದು ಸಣ್ಣ ಮಾತಲ್ಲ. ಅದನ್ನು ಕಂಡು ಹೊಟ್ಟೆ ಉರಿದುಕೊಂಡವರು ಭ್ರಷ್ಟಾಚಾರ ಕಂಡು ಮಾತ್ರ ಉರಿದುಕೊಂಡರು ಎಂದರೆ ನಂಬಬೇಡಿ!

ಎರಡು ವರ್ಷ ಒಂದು ತಿಂಗಳ ಆಡಳಿತದಲ್ಲಿ ಅವರು ತಂದ ಯೋಜನೆಗಳು ಹಳ್ಳಿಯವರ ಬಾಯಲ್ಲಿ ಈಗಲೂ ಇವೆ. ಮನೆಯಿಲ್ಲದವರಿಗೆ 'ಆಶ್ರಯ'. ಹಳ್ಳಿಯ ಕುಶಲಕರ್ಮಿಗಳಿಗೆ, ಗುಡಿ ಕೈಗಾರಿಕೆಗಳಿಗೆ 'ವಿಶ್ವ'. ಗುಡಿ ಗುಂಡಾರಗಳ ಜೀರ್ಣೋದ್ಧಾರಕ್ಕೆ 'ಆರಾಧನಾ'. ಹತ್ತು ಅಶ್ವಶಕ್ತಿವರೆಗಿನ ಪಂಪ್‌ಸೆಟ್ಟಿಗೆ ಪುಕ್ಕಟೆ ಕರೆಂಟು. ಸರ್ಕಾರಿ ನೌಕರಿಗೆ ಅರ್ಜಿ ಹಾಕುವ ಹಳ್ಳಿ ಮಕ್ಕಳಿಗೆ 'ಗ್ರಾಮೀಣ ಕೃಪಾಂಕ'. ಬೆಂಗಳೂರಿನ ಕಾನ್ವೆಂಟಿನಲ್ಲಿ ಓದಿದವರು ಅಂದು ಇದನ್ನೆಲ್ಲ 'ಅಗ್ಗದ ಜನಪ್ರಿಯತೆ' ಎಂದು ನಕ್ಕರು. ನಗಲಿ ಬಿಡಿ. ಮಳೆಗಾಲದಲ್ಲಿ ಸೋಗೆ ಮಾಡಿನ ಕೆಳಗೆ ಪಾತ್ರೆ ಇಟ್ಟುಕೊಂಡು ರಾತ್ರಿ ಕಳೆದವರಿಗೆ ಗೋಡೆ ಮತ್ತು ಹೆಂಚು ಅಗ್ಗದ್ದಾಗಿರಲಿಲ್ಲ. ಎಷ್ಟೋ ಊರುಗಳಲ್ಲಿ 'ಆಶ್ರಯ ಬಡಾವಣೆ' ಎಂಬ ಹೆಸರು ಇಂದಿಗೂ ಉಳಿದಿದೆ.

ಆದರೆ ಇಲ್ಲೇ ಒಂದು ಪ್ರಶ್ನೆ ಕೇಳಿ. ಇವುಗಳಲ್ಲಿ ಹಕ್ಕಾಗಿ ನಿಂತದ್ದೆಷ್ಟು, ದೊರೆಯ ಕೃಪೆಯಾಗಿ ಕರಗಿದ್ದೆಷ್ಟು? ಕೃಪಾಂಕವನ್ನೇ ನೋಡಿ. ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿದ ಹುಡುಗನಿಗೆ ನ್ಯಾಯ ಸಿಗಬೇಕೆಂಬ ಉದ್ದೇಶ ನೂರಕ್ಕೆ ನೂರು ಸರಿ. ಆದರೆ ಕಾನೂನಿನ ಬುನಾದಿ ಗಟ್ಟಿ ಇರಲಿಲ್ಲ, ನ್ಯಾಯಾಲಯದಲ್ಲಿ ಅದು ಬಿದ್ದುಹೋಯಿತು. ಅದನ್ನು ನಂಬಿ ನೌಕರಿ ಹಿಡಿದವರು ನಡುನೀರಿನಲ್ಲಿ ನಿಂತರು. ಪುಕ್ಕಟೆ ಕರೆಂಟಿನ ಕತೆಯೂ ಅಷ್ಟೆ. ಬಾವಿ ಇದ್ದವನಿಗೆ ಕರೆಂಟು ಬಂತು, ಮಳೆ ನಂಬಿದ ಖುಷ್ಕಿ ರೈತನಿಗೆ ಏನೂ ಬರಲಿಲ್ಲ. ಮೀಟರಿಲ್ಲದ ಪಂಪ್‌ಸೆಟ್ಟಿನ ಲೆಕ್ಕದಲ್ಲಿ ವಿದ್ಯುತ್ ಇಲಾಖೆಯ ಎಲ್ಲ ಸೋರಿಕೆಯನ್ನೂ ಬಚ್ಚಿಡಲು ದಾರಿಯಾಯಿತು. ಇಂದಿಗೂ ಸರ್ಕಾರ ವರ್ಷ ವರ್ಷ ಸಾವಿರಾರು ಕೋಟಿ ರೂಪಾಯಿ ಅದಕ್ಕೆ ತುಂಬುತ್ತಿದೆ.

ಕಾವೇರಿ: ಗುಂಡಿಗೆ ಇತ್ತು, ಲಗಾಮು ಇರಲಿಲ್ಲ

ಈಗ ಕನ್ನಡ ಅಭಿಮಾನಿಗಳಿಗೆ ಅತಿ ಪ್ರಿಯವಾದ ಅಧ್ಯಾಯಕ್ಕೆ ಬನ್ನಿ.

1991ರ ಜೂನ್ 25. ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶ ಬಂತು. ವರ್ಷಕ್ಕೆ 205 ಟಿಎಂಸಿ ನೀರು ಮೆಟ್ಟೂರಿಗೆ ಹರಿಯಬೇಕು, ಕರ್ನಾಟಕ ತನ್ನ ನೀರಾವರಿ ಪ್ರದೇಶವನ್ನು 11.2 ಲಕ್ಷ ಎಕರೆಯ ಆಚೆ ಹಿಗ್ಗಿಸಬಾರದು. 1892 ಮತ್ತು 1924ರ ಒಪ್ಪಂದಗಳಿಂದ ಕೈ ಕಟ್ಟಿಸಿಕೊಂಡ ನಾಡಿಗೆ ಇದು ಗಾಯದ ಮೇಲೆ ಬರೆ. ಬಂಗಾರಪ್ಪ ಸುಮ್ಮನೆ ಕೂರಲಿಲ್ಲ. ಜುಲೈ 25ರಂದು ಸುಗ್ರೀವಾಜ್ಞೆ ಹೊರಡಿಸಿದರು. ನಮ್ಮ ರೈತರ ನೀರು ಮೊದಲು, ಆದೇಶ ಆಮೇಲೆ ಎಂದರು. ದಿಲ್ಲಿಯಲ್ಲಿ ಆಗ ಅವರದೇ ಪಕ್ಷದ ಸರ್ಕಾರ. ಸ್ವಂತ ಪಕ್ಷದ ಪ್ರಧಾನಿಗೆ ಕಸಿವಿಸಿಯಾಗುವ ಕೆಲಸ ಮಾಡಲು ಗುಂಡಿಗೆ ಬೇಕು. ಹೈಕಮಾಂಡಿನ ಫೋನು ಬಂದರೆ ಎದ್ದು ನಿಂತು ಮಾತನಾಡುವ ಮುಖ್ಯಮಂತ್ರಿಗಳನ್ನು ಕಂಡ ನಾಡು ಇದು. ಆ ಧೈರ್ಯಕ್ಕೆ ನಮಸ್ಕಾರ.

ಆದರೆ ಧೈರ್ಯ ಬೇರೆ, ಫಲ ಬೇರೆ. ಆ ಸುಗ್ರೀವಾಜ್ಞೆ ನಾಲ್ಕು ತಿಂಗಳೂ ಬಾಳಲಿಲ್ಲ. ನವೆಂಬರ್ 22ರಂದು ಸುಪ್ರೀಂ ಕೋರ್ಟು ಅದು ಸಂವಿಧಾನಬಾಹಿರ ಎಂದಿತು. ಡಿಸೆಂಬರ್ 10ರಂದು ಕೇಂದ್ರ ಸರ್ಕಾರ ಆದೇಶವನ್ನು ಗೆಜೆಟ್ಟಿನಲ್ಲಿ ಪ್ರಕಟಿಸಿತು. ಎರಡೇ ದಿನಕ್ಕೆ ಬೆಂಗಳೂರು ಹೊತ್ತಿಕೊಂಡಿತು.

ಹೊತ್ತಿಕೊಂಡದ್ದು ಯಾರ ಮನೆ? ನ್ಯಾಯಮಂಡಳಿಯವರದ್ದೇ? ದಿಲ್ಲಿಯವರದ್ದೇ? ಕಟ್ಟಡಗಳಿಗೆ ಕಲ್ಲು ಹೊರುತ್ತಿದ್ದ, ಕೊಳೆಗೇರಿಯಲ್ಲಿ ಬದುಕುತ್ತಿದ್ದ ತಮಿಳು ಕೂಲಿಗಳದ್ದು. ಹದಿನೈದಕ್ಕೂ ಹೆಚ್ಚು ಜನ ಸತ್ತರು. ಸಾವಿರಾರು ಜನ ಮಕ್ಕಳು ಮರಿಗಳನ್ನು ಕಟ್ಟಿಕೊಂಡು ಗಡಿ ದಾಟಿದರು. ಅವರ್ಯಾರೂ ನಮ್ಮ ಒಂದು ಹನಿ ನೀರು ಕದ್ದವರಲ್ಲ. ಜನರ ಎದೆಗೆ ಕಿಚ್ಚು ಹಚ್ಚಿದ ಸರ್ಕಾರಕ್ಕೆ ಆ ಕಿಚ್ಚು ಬೀದಿಗೆ ಬಂದಾಗ ಲಗಾಮು ಹಿಡಿಯಲು ಆಗಲಿಲ್ಲ. ಇದು ಬಂಗಾರಪ್ಪನವರ ಖರ್ಚಿನ ಕಡೆ ಬರೆಯಬೇಕಾದ ಅತಿ ದೊಡ್ಡ ಮೊತ್ತ. ಕನ್ನಡದ ಹೆಸರಿನಲ್ಲಿ ಇದನ್ನು ಅಳಿಸುವವನು ಕನ್ನಡಕ್ಕೇ ಮಸಿ ಬಳಿಯುತ್ತಾನೆ.

ಮತ್ತೆ ನೀರು ಬಂದದ್ದು ಹೇಗೆ ಗೊತ್ತೇ? 2007ರ ಅಂತಿಮ ತೀರ್ಪಿನಲ್ಲಿ ಕರ್ನಾಟಕದ ಪಾಲು 270 ಟಿಎಂಸಿ. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟು ಅದಕ್ಕೆ 14.75 ಟಿಎಂಸಿ ಸೇರಿಸಿತು. ಅದರಲ್ಲಿ 4.75 ಟಿಎಂಸಿ ಬೆಂಗಳೂರಿನ ಬಾಯಾರಿಕೆಗೆ. ಇದನ್ನು ತಂದುಕೊಟ್ಟದ್ದು ಕಲ್ಲಲ್ಲ, ಪೆಟ್ರೋಲಲ್ಲ. ವರ್ಷಗಟ್ಟಲೆ ಅಂಕಿ ಅಂಶ ಜೋಡಿಸಿದ ಇಂಜಿನಿಯರುಗಳು, ವಾದ ಮಂಡಿಸಿದ ವಕೀಲರು. ಅವರಿಗೆ ಯಾರೂ ಕಟೌಟು ನಿಲ್ಲಿಸಲಿಲ್ಲ, ಹಾಲಿನ ಅಭಿಷೇಕ ಮಾಡಲಿಲ್ಲ!

ಖುಲಾಸೆ ಆಯಿತು, ಉತ್ತರ ಸಿಕ್ಕಿತೇ?

ಇನ್ನು ಹಗರಣಗಳು. ಕ್ಲಾಸಿಕ್ ಕಂಪ್ಯೂಟರ್ ಪ್ರಕರಣ ನಿಮ್ಮ ಅಪ್ಪಂದಿರಿಗೆ ಚೆನ್ನಾಗಿ ನೆನಪಿರುತ್ತದೆ. ಶಾಲೆಗಳಿಗೆ ಕಂಪ್ಯೂಟರ್ ಪೂರೈಸುವ ಗುತ್ತಿಗೆಯಲ್ಲಿ ಅವ್ಯವಹಾರ ನಡೆಯಿತೆಂಬ ಆರೋಪ, ಸಿಬಿಐ ತನಿಖೆ, ಮೊಕದ್ದಮೆ. ಕೊನೆಗೆ ನ್ಯಾಯಾಲಯ ಬಂಗಾರಪ್ಪನವರನ್ನು ಖುಲಾಸೆ ಮಾಡಿತು. ಇದನ್ನು ಸ್ಪಷ್ಟವಾಗಿ ಹೇಳಬೇಕು. ಖುಲಾಸೆಯಾದವನನ್ನು ಅಪರಾಧಿ ಎಂದು ಕರೆಯುವುದು ಹೇಡಿತನ.

ಆದರೆ ಅಭಿಮಾನಿಗಳೇ, ಖುಲಾಸೆಯ ಕಾಗದವನ್ನು ಸನ್ಮಾನಪತ್ರದಂತೆ ಚೌಕಟ್ಟು ಹಾಕಿಸಬೇಡಿ. ಒಂದು ಸರ್ಕಾರದ ಸುತ್ತ ಎರಡೇ ವರ್ಷದಲ್ಲಿ ಇಷ್ಟು ಆರೋಪಗಳು ಹುಟ್ಟಿದ್ದು ಹೇಗೆ? ನ್ಯಾಯಾಲಯ ಕೇಳುವುದು ಸಾಕ್ಷಿ ಇದೆಯೇ ಎಂದು. ಜನ ಕೇಳಬೇಕಾದದ್ದು ನನ್ನ ದುಡ್ಡಿಗೆ ಲೆಕ್ಕ ಎಲ್ಲಿದೆ ಎಂದು. ಎರಡನೇ ಪ್ರಶ್ನೆಗೆ ಇಂದಿಗೂ ಉತ್ತರವಿಲ್ಲ. 'ತಿಂದರೂ ನಮಗೂ ಕೊಟ್ಟರಲ್ಲ' ಎಂಬ ಮಾತು ಹುಟ್ಟಿ, ನಮ್ಮ ಕಟ್ಟೆ ಪಂಚಾಯಿತಿಗಳಲ್ಲಿ ಅದೇ ಗಾದೆಯಂತೆ ಕೂತುಬಿಟ್ಟಿತು. ಮಿತ್ರರೇ, ಕನ್ನಡ ನಾಡಿಗೆ ತಗುಲಿದ ದೊಡ್ಡ ರೋಗ ಈ ಮಾತೇ. ಕೊಟ್ಟದ್ದು ಅವನ ಮನೆಯ ಗಂಟಲ್ಲ, ನಿಮ್ಮ ತೆರಿಗೆ. ನಿಮ್ಮ ಹಣವನ್ನು ನಿಮಗೇ ದಾನ ಮಾಡಿದವನ ಎದುರು ನೀವೇಕೆ ಬೆನ್ನು ಬಾಗಿಸುತ್ತೀರಿ?

ಕಳಂಕಕ್ಕೆ ಇನ್ನೊಂದು ಬೆಲೆಯೂ ಇದೆ. ಕೈ ಶುದ್ಧ ಇಲ್ಲ ಎಂಬ ಮಾತಿಗೆ ಗುರಿಯಾದ ಮುಖ್ಯಮಂತ್ರಿ ದಿಲ್ಲಿಯ ಎದುರು ಎಷ್ಟು ಹೊತ್ತು ನಿಂತಾನು? 1990ರಲ್ಲಿ ಹಾಸಿಗೆ ಹಿಡಿದಿದ್ದ ವೀರೇಂದ್ರ ಪಾಟೀಲರನ್ನು ದಿಲ್ಲಿ ಕಿತ್ತು ಹಾಕಿತು, ಬಂಗಾರಪ್ಪ ಬಂದರು. 1992ರ ನವೆಂಬರ್‌ನಲ್ಲಿ ಆರೋಪಗಳ ಗದ್ದಲದ ನಡುವೆ ಅದೇ ದಿಲ್ಲಿ ಬಂಗಾರಪ್ಪನವರನ್ನೂ ಇಳಿಸಿತು, ವೀರಪ್ಪ ಮೊಯಿಲಿ ಬಂದರು. ಕನ್ನಡಿಗರು ಎರಡು ಸಲವೂ ಪ್ರೇಕ್ಷಕರು!

ತಪ್ಪಿಹೋದ ಪಕ್ಷ

ಕಾಂಗ್ರೆಸ್ ಬಿಟ್ಟ ಬಂಗಾರಪ್ಪ ಕರ್ನಾಟಕ ಕಾಂಗ್ರೆಸ್ ಪಾರ್ಟಿ ಕಟ್ಟಿದರು. 1994ರಲ್ಲಿ ಅದು ಹತ್ತು ಸ್ಥಾನ ಗೆದ್ದಿತು, ಕಾಂಗ್ರೆಸ್ಸನ್ನು ಮೂರನೇ ಸ್ಥಾನಕ್ಕೆ ತಳ್ಳುವಲ್ಲಿ ಅದರ ಪಾಲೂ ಇತ್ತು. ಕನ್ನಡ ನಾಡಿಗೆ ತನ್ನದೇ ಪ್ರಾದೇಶಿಕ ಪಕ್ಷ ಹುಟ್ಟಲು ಅದು ಹದವಾದ ಕಾಲ. ಹಿಂದುಳಿದವರ ಬೆಂಬಲ, ಕಾವೇರಿಯ ಹೆಸರು, ಹಳ್ಳಿಹಳ್ಳಿಯಲ್ಲಿ ಪರಿಚಯ, ಎಲ್ಲ ಇತ್ತು. ಇಲ್ಲದಿದ್ದದ್ದು ಒಂದೇ, ವ್ಯಕ್ತಿಗಿಂತ ದೊಡ್ಡದಾದ ಒಂದು ತತ್ವ. ಆಮೇಲೆ ಕರ್ನಾಟಕ ವಿಕಾಸ ಪಾರ್ಟಿ, ಮತ್ತೆ ಕಾಂಗ್ರೆಸ್, 2004ರಲ್ಲಿ ಬಿಜೆಪಿ, 2005ರಲ್ಲಿ ಸಮಾಜವಾದಿ ಪಕ್ಷ, ಮತ್ತೊಮ್ಮೆ ಕಾಂಗ್ರೆಸ್, ಕೊನೆಗೆ ಜನತಾದಳ. ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಬದಲಿಸಿದಂತೆ! ಇಬ್ಬರು ಮಕ್ಕಳು ಸೊರಬದಲ್ಲಿ ಒಬ್ಬರ ವಿರುದ್ಧ ಒಬ್ಬರು ನಿಂತರು. ನಾಡಿನ ಪಕ್ಷವಾಗಬೇಕಿದ್ದದ್ದು ಮನೆಯ ಜಗಳವಾಗಿ ಮುಗಿಯಿತು.

ಹಾಗಾದರೆ ತೀರ್ಪೇನು? ಬಂಗಾರಪ್ಪನವರನ್ನು ಪೂಜಿಸಲೂ ಬೇಡಿ, ಚರಂಡಿಗೆ ಎಸೆಯಲೂ ಬೇಡಿ. ಬಡವನನ್ನು ನೋಡುವ ಅವರ ಕಣ್ಣನ್ನು ಇಟ್ಟುಕೊಳ್ಳಿ. ದಿಲ್ಲಿಗೆ ಎದುರಾಡಿದ ಎದೆಗಾರಿಕೆಯನ್ನು ಇಟ್ಟುಕೊಳ್ಳಿ. ಲೆಕ್ಕ ಕೊಡದ ಕೈಯನ್ನು, ಬೆಂಕಿ ಹಚ್ಚಿ ಮುಖ ತಿರುಗಿಸುವ ರಾಜಕೀಯವನ್ನು ಅಲ್ಲೇ ಬಿಡಿ.

ನಾಳೆ ನಿಮ್ಮ ಬಳಿ ಬರುವ 'ನಮ್ಮವನಿಗೆ' ಮೂರೇ ಪ್ರಶ್ನೆ ಹಾಕಿ. ನೀನು ಕೊಡುವುದು ನೀನು ಹೋದ ಮೇಲೂ ಉಳಿಯುತ್ತದೆಯೇ? ಅದರ ಲೆಕ್ಕವನ್ನು ನಾವು ಕೇಳದಿದ್ದರೂ ಕೊಡುತ್ತೀಯಾ? ನಿನ್ನ ಹೋರಾಟದಲ್ಲಿ ಪೆಟ್ಟು ತಿನ್ನುವವನು ದಿಲ್ಲಿಯವನೋ, ಪಕ್ಕದ ಗುಡಿಸಲಿನ ಕೂಲಿಯವನೋ?

ಉತ್ತರ ತಡವರಿಸಿದರೆ ಶಾಲು ಮಡಚಿ ವಾಪಸ್ಸು ಕೊಡಿ. ಕನ್ನಡಕ್ಕೆ ಸರದಾರರು ಸಾಕಷ್ಟು ಬಂದುಹೋದರು. ಈಗ ಬೇಕಾಗಿರುವುದು ಲೆಕ್ಕ ಕೇಳುವ ಪ್ರಜೆಗಳು.