ಉಕ್ಕಿನ ಹೆಮ್ಮೆಯೂ ಅಡಿಗೆಮನೆಯ ಚಾಕುವೂ

ನವೆಂಬರ್ ಬಂತೆಂದರೆ ಹೊರನಾಡಿನ ನಮ್ಮ ಸಂಘಗಳ ವೇದಿಕೆಯಿಂದ ಒಂದು ಮಾತು ತಪ್ಪದೆ ಕೇಳಿಬರುತ್ತದೆ. ಇಂಗ್ಲಿಷರ ನಿಘಂಟಿನಲ್ಲಿರುವ 'ವೂಟ್ಸ್' ಎಂಬ ಶಬ್ದ ನಮ್ಮ 'ಉಕ್ಕು' ಎಂಬುದರಿಂದ ಹುಟ್ಟಿದ್ದು. 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಜಾರ್ಜ್ ಪಿಯರ್‌ಸನ್ ಅದರ ಮೇಲೆ ಪ್ರಬಂಧ ಮಂಡಿಸಿದರು. ಮುಂದೆ ಮೈಕೆಲ್ ಫ್ಯಾರಡೆಯಂಥ ವಿಜ್ಞಾನಿ ಸ್ಟೋಡಾರ್ಟ್ ಎಂಬ ಚಾಕು ತಯಾರಕನ ಜೊತೆಗೂಡಿ ಅದರ ಗುಟ್ಟು ಬಿಡಿಸಲು ಹೆಣಗಿದರು. ಮಾತು ಸುಳ್ಳಲ್ಲ, ಅನೇಕ ವಿದ್ವಾಂಸರು ಒಪ್ಪುವಂಥದ್ದೇ. ಚಪ್ಪಾಳೆಯೂ ಬೀಳುತ್ತದೆ. ಚಪ್ಪಾಳೆ ತಟ್ಟಿದ ಅದೇ ಕೈಗಳು ಮನೆಗೆ ಹೋಗಿ, ಯಾವ ದೇಶದ ಯಾವ ಯಂತ್ರ ಕತ್ತರಿಸಿ ಎಸೆದದ್ದೋ ಗೊತ್ತಿಲ್ಲದ ಒಂದು ತಗಡಿನಿಂದ ಟೊಮೇಟೊ ಜಜ್ಜುತ್ತವೆ.

ನಮ್ಮ ತಕರಾರು ಇಷ್ಟೇ. ಉಕ್ಕಿನ ಬಗ್ಗೆ ಹೆಮ್ಮೆಪಡುವ ಮನೆ ಒಮ್ಮೆಯಾದರೂ ಒಬ್ಬ ಕಮ್ಮಾರರ ಎದುರು ಕೂತು, ತನ್ನ ಕೈಗೂ ತನ್ನ ಅಡಿಗೆಗೂ ಹೊಂದುವ ಚಾಕು ಮಾಡಿಸಿಕೊಳ್ಳಬೇಕು. ಕೊಳ್ಳುವುದಲ್ಲ, ಮಾಡಿಸಿಕೊಳ್ಳುವುದು. ಈ ಎರಡು ಕ್ರಿಯಾಪದಗಳ ನಡುವಿನ ಅಂತರವನ್ನು ನಾವು ಮರೆತಿದ್ದೇವೆಂಬುದೇ ನಮ್ಮ ದೂರು.

ಮಾದಾಪುರದಲ್ಲಿ ಕೂತು ಇದನ್ನು ಹೇಳುವುದಕ್ಕೆ ಕಾರಣವುಂಟು. 1998ರಲ್ಲಿ ಸೈಬರ್ ಟವರ್ಸ್ ಏಳುವ ಮುಂಚೆ ಇದು ಬಂಡೆಗಳ ನಡುವಿನ ಹಳ್ಳಿ. ಇಂದು ನಮ್ಮ ಹುಡುಗ ಹುಡುಗಿಯರು ನೂರಾರು ಸಂಖ್ಯೆಯಲ್ಲಿ ಇಲ್ಲಿ ಸಂಬಳ ಎಣಿಸುತ್ತಿದ್ದಾರೆ. ಅವರ ಕಚೇರಿಗಳ ಎದುರಿಗೇ ಶಿಲ್ಪಾರಾಮವಿದೆ. ಕೈಕಸುಬಿನವರಿಗೆಂದು ಸರಕಾರ 1992ರಲ್ಲಿ ಯೋಚಿಸಿ ಕಟ್ಟಿದ ಜಾಗ. ಅಲ್ಲಿನ ಮೇಳಗಳಲ್ಲಿ ನಮ್ಮವರನ್ನು ನೋಡಬೇಕು! ನಾಲ್ಕು ಸಾವಿರದ ಜರ್ಮನ್ ಚಾಕುವಿಗೆ ತುಟಿಪಿಟಕ್ಕೆನ್ನದೆ ಹಣ ತೆತ್ತವರು, ಕೈಯಿಂದ ಬಡಿದ ಸಾಮಾನಿನ ಮುಂದೆ ನಿಂತು ಐವತ್ತು ರೂಪಾಯಿಗಾಗಿ ಅರ್ಧ ಗಂಟೆ ವಾದಿಸುತ್ತಾರೆ. ಯಂತ್ರದ ಬೆಲೆಗೆ ಗೌರವ, ಮನುಷ್ಯನ ಬೆಲೆಗೆ ಚೌಕಾಸಿ.

ಗಿರಾಕಿ ಎಂದರೆ ಹೇಗಿರಬೇಕೆಂಬುದಕ್ಕೆ ಉದಾಹರಣೆ ದೂರದಲ್ಲಿಲ್ಲ, ಇದೇ ತೆಲಂಗಾಣದಲ್ಲಿದೆ. ನಿಜಾಮಾಬಾದ್ ಜಿಲ್ಲೆಯ ಕೋನಸಮುದ್ರಂ ಎಂಬ ಹಳ್ಳಿ ಒಂದು ಕಾಲಕ್ಕೆ ಉಕ್ಕಿನ ಗಟ್ಟಿಗಳಿಗೆ ಹೆಸರಾಗಿತ್ತು. 1820ರ ಸುಮಾರಿಗೆ ಸರ್ವೆ ತಂಡದ ವೈದ್ಯ ಹೆನ್ರಿ ವಾಯ್ಸಿ ಅಲ್ಲಿಗೆ ಹೋಗಿ ಕಣ್ಣಾರೆ ಕಂಡು ಬರೆದಿಟ್ಟ. ಅವನು ತೀರಿಕೊಂಡ ಮೇಲೆ, 1832ರಲ್ಲಿ, ಅದು ಕಲ್ಕತ್ತೆಯಲ್ಲಿ ಅಚ್ಚಾಯಿತು. ಎರಡು ಊರುಗಳ ಎರಡು ಬಗೆಯ ಕಬ್ಬಿಣವನ್ನು ಮಣ್ಣಿನ ಮೂಸೆಯಲ್ಲಿಟ್ಟು ಕರಗಿಸುವುದು, ಮೂಸೆಯನ್ನು ಅವಸರವಿಲ್ಲದೆ ಆರಲು ಬಿಡುವುದು, ಗಟ್ಟಿಗೆ ಜೇಡಿ ಮೆತ್ತಿ ಮತ್ತೆ ಗಂಟೆಗಟ್ಟಲೆ ಕಾಯಿಸುವುದು, ಎಲ್ಲವೂ ಅಲ್ಲಿದೆ. ನಮಗೆ ಮುಖ್ಯವಾದದ್ದು ಬೇರೆ. ವಾಯ್ಸಿ ಅಲ್ಲಿ ಇಸ್ಫಹಾನಿನಿಂದ ಬಂದ ಹಾಜಿ ಹುಸೇನ್ ಎಂಬ ವರ್ತಕನನ್ನು ಕಂಡ. ಪರ್ಷಿಯಾದಿಂದ ಕಡಲು ದಾಟಿ ಬಂದವನು ಹಣ ಎಸೆದು ಮೂಟೆ ಹೊತ್ತುಕೊಂಡು ಹೋಗಲಿಲ್ಲ. ಕುಲುಮೆಯ ಪಕ್ಕದಲ್ಲಿ ನಿಂತು, ತೂಕದ ಪ್ರಮಾಣ ನೋಡಿ, ಗಟ್ಟಿಗಳ ಹದ ತಾನೇ ಪರೀಕ್ಷಿಸಿ ಒಯ್ಯುತ್ತಿದ್ದ. ಇಸ್ಫಹಾನಿನ ವ್ಯಾಪಾರಿಗೆ ಇದ್ದ ವ್ಯವಧಾನ ಮಾದಾಪುರದಿಂದ ಒಂದು ಹಗಲು ಬಿಡುವು ಮಾಡಿಕೊಳ್ಳಲಾರದ ನಮಗೆ ಯಾಕಿಲ್ಲ?

ಭಾಷೆಯ ನೆಪ ಹೇಳುವವರಿದ್ದಾರೆ. "ನಮಗೆ ತೆಲುಗು ಅಷ್ಟು ಬರುವುದಿಲ್ಲ, ಕಮ್ಮಾರನಿಗೆ ಏನೆಂದು ಹೇಳೋಣ?" ಸ್ವಾಮಿ, ಅಂಗಡಿಯಲ್ಲಿ ಇಂಗ್ಲಿಷ್ ಸಾಕಾಗುತ್ತದೆ, ಕುಲುಮೆಯ ಮುಂದೆ ಮಾತ್ರ ಕನ್ನಡವೇ ಸಾಕು! ನಮ್ಮ ಕತ್ತಿ ಅವರಿಗೂ ಕತ್ತಿ, ಉಕ್ಕು ಅವರಿಗೂ ಉಕ್ಕು. ಕಮ್ಮಾರ ಅಲ್ಲಿ ಕಮ್ಮರಿ, ಕುಲುಮೆ ಕೊಲಿಮಿ, ಸುತ್ತಿಗೆ ಸುತ್ತಿ, ಸಾಣೆ ಸಾನ. ನಾವು ಹಿಡಿ ಎಂದದ್ದನ್ನು ಅವರು ಪಿಡಿ ಎನ್ನುತ್ತಾರೆ. ಹಳಗನ್ನಡ ಓದಿದವರಿಗೆ ಅದೂ ಹೊಸದಲ್ಲ. ನಮ್ಮ 'ಹದ' ಅವರ 'ಪದುನು'. ಇಷ್ಟು ಹತ್ತಿರದ ಎರಡು ಭಾಷೆಗಳಿಗೆ ನಡುವೆ ದುಭಾಷಿ ಬೇಕೆನ್ನುವವರು ಉಕ್ಕು ಯಾರ ಶಬ್ದವೆಂದು ವಾದಕ್ಕೆ ಇಳಿಯದಿರುವುದು ಒಳ್ಳೆಯದು.

ಮಾಡಿಸಿಕೊಳ್ಳುವುದೆಂದರೆ ಏನೆಂದು ಈಗ ಹೇಳಬೇಕು. ಕಳೆದ ಬೇಸಿಗೆಯಲ್ಲಿ ನಾವು ಮೂರು ಮನೆಯವರು ಕೂಡಿ ಊರ ಹೊರಗಿನ ಒಬ್ಬ ಕಮ್ಮಾರರ ಬಳಿಗೆ ಹೋದೆವು. ಕುಡುಗೋಲು, ಕೊಡಲಿ, ಗಾರೆಯವರ ಉಳಿ ಮಾಡುವವರು. ನಮ್ಮಲ್ಲೊಬ್ಬರು ಜೇಬಿನಿಂದ ಫೋನು ತೆಗೆದು, ಹಾವಿನ ಮೈಯಂತೆ ಗೆರೆಗಳಿದ್ದ ಒಂದು 'ಡಮಾಸ್ಕಸ್' ಚಾಕುವಿನ ಚಿತ್ರ ತೋರಿಸಿದರು. ಅವರು ನೋಡಿ ಹಿಂದಿರುಗಿಸಿ ಕೇಳಿದ್ದು ಮೂರೇ ಪ್ರಶ್ನೆ: ಏನು ಕೊಯ್ಯುತ್ತೀರಿ, ನಿಂತು ಕೊಯ್ಯುತ್ತೀರೋ ಕೂತೋ, ಮನೆಯಲ್ಲಿ ಇನ್ನಾರು ಹಿಡಿಯುತ್ತಾರೆ? (ಆ ಗೆರೆಗಳ ಬಗ್ಗೆಯೂ ಒಂದು ಮಾತು. ಹಳೆಯ ಮೂಸೆ ಉಕ್ಕಿನಲ್ಲಿ ಗೆರೆ ಲೋಹದ ಒಳಗಿನಿಂದಲೇ ಮೂಡುತ್ತಿತ್ತು. ಇಂದು ಆ ಹೆಸರಿನಲ್ಲಿ ಮಾರುವುದು ಹೆಚ್ಚಾಗಿ ಎರಡು ಬಗೆಯ ಉಕ್ಕಿನ ಪದರಗಳನ್ನು ಬೆಸೆದು ಮಡಿಸಿದ್ದು. ಕೆಟ್ಟದ್ದೇನಲ್ಲ, ಆದರೆ ಹುರುಳಿಕಾಯಿಗೆ ಗೆರೆ ಕಾಣುವುದಿಲ್ಲ.)

ಮೂರು ಮನೆಗೂ ಉತ್ತರ ಬೇರೆಬೇರೆ. ಮಲೆನಾಡಿನ ಮನೆಗೆ ಬಾಳೆದಿಂಡು, ಸುವರ್ಣಗಡ್ಡೆ, ಹಲಸು; ಅದಕ್ಕೆ ತೂಕ ಬೇಕು, ಬೆನ್ನು ದಪ್ಪಗಿರಬೇಕು. ರಾಯಚೂರು ಕಡೆಯ ಮನೆಗೆ ಪುಂಡಿಪಲ್ಯದ ಸೊಪ್ಪು, ಎಳೆ ಸವತೆ. ಅದಕ್ಕೆ ತೆಳು ಅಲಗು. ಮೂರನೆಯ ಮನೆಯ ಗೃಹಿಣಿ ಎಡಚರು. ಒಂದೇ ಬದಿಗೆ ಸಾಣೆ ಹಿಡಿದ ಅಲಗು ಎಡಗೈಯಲ್ಲಿ ಓರೆಯಾಗಿ ಸರಿಯುತ್ತದೆಂಬುದನ್ನು ಇಪ್ಪತ್ತು ವರ್ಷ ಆಕೆ ತಮ್ಮ ಕೈಯ ದೋಷವೆಂದೇ ತಿಳಿದಿದ್ದರು! ದಪ್ಪ ಕತ್ತಿಗೆ ಲಾರಿಯ ಸ್ಪ್ರಿಂಗ್ ಪಟ್ಟಿ ಸಾಕು, ಅದರಲ್ಲಿ ಇಂಗಾಲ ನೂರಕ್ಕೆ ಅರ್ಧದಷ್ಟಿದ್ದು ಪೆಟ್ಟು ತಡೆಯುತ್ತದೆ. ತೆಳು ಅಲಗಿಗೆ ಹಳೆಯ ಅರ ಒಳ್ಳೆಯದು, ಇಂಗಾಲ ಹೆಚ್ಚಿರುವುದರಿಂದ ಮೊನಚು ನಿಲ್ಲುತ್ತದೆ. ಹೀಗೆಂದು ಆರಿಸಿದವರು ಅವರು. ರಟ್ಟಿನಲ್ಲಿ ಆಕಾರ ಕತ್ತರಿಸಿ, ಮರದ ತುಂಡು ಹಿಡಿದು ನೋಡಿ, ಬೆರಳು ಸಂದಿನ ನೋವಿರುವ ಅಜ್ಜಿಗೆಂದು ಹಿಡಿಯನ್ನು ದಪ್ಪ ಮಾಡಿಸಿದವರು ನಾವು.

ಹದ ಹಾಕುವ ಕೆಲಸವನ್ನು ಅವರು ಸಂಜೆಗೆ ಇಟ್ಟುಕೊಂಡರು. ನಡುಹಗಲಿನಲ್ಲಿ ಬೆಂಕಿಯ ಬಣ್ಣ ತಿಳಿಯುವುದಿಲ್ಲ. ಅಯಸ್ಕಾಂತ ಅಂಟದಷ್ಟು ಕೆಂಪಗೆ ಕಾಯಬೇಕು, ಎಣ್ಣೆಯಲ್ಲಿ ಅದ್ದಬೇಕು, ಆಮೇಲೆ ಒಣಹುಲ್ಲಿನ ಬಣ್ಣ ಬರುವ ತನಕ ಸಣ್ಣ ಬಿಸಿ ಕೊಡಬೇಕು. ಹೆಚ್ಚಾದರೆ ಮೊನಚು ಮಡಿಯುತ್ತದೆ, ಕಡಿಮೆಯಾದರೆ ಅಲಗು ಚಕ್ಕೆಯೇಳುತ್ತದೆ. ಇದು ಅವರ ವಿದ್ಯೆ, ಇಲ್ಲಿ ಗಿರಾಕಿ ಬಾಯಿ ಹಾಕಬಾರದು. ಏನು ಬೇಕೆಂಬುದು ನಮ್ಮ ಅಧಿಕಾರ, ಹೇಗೆಂಬುದು ಅವರ ಅಧಿಕಾರ. ಚಿತ್ರ ತೋರಿಸಿ "ಹೀಗೇ ಮಾಡಿ" ಎನ್ನುವವನೂ, "ನಿಮಗೆ ತೋಚಿದ್ದು ಮಾಡಿ" ಎಂದು ಹೋಗಿಬಿಡುವವನೂ ಇಬ್ಬರೂ ಕೆಟ್ಟ ಗಿರಾಕಿಗಳು.

ಇದು ಉಳ್ಳವರ ಶೋಕಿ ಎಂದು ಸಂಘದ ಹಿರಿಯರೊಬ್ಬರು ಆಕ್ಷೇಪಿಸಿದ್ದಾರೆ. ಗಾಜಿನ ಪೆಟ್ಟಿಗೆಯಲ್ಲಿಟ್ಟು ಬಂದವರಿಗೆ ತೋರಿಸುವ ಮೂವತ್ತು ಸಾವಿರದ ಚಾಕುಗಳ ಮಾತಾದರೆ ನಾವೂ ಅವರ ಕಡೆಗೇ. ಆದರೆ ಆ ಹಿರಿಯರ ಅಜ್ಜಿಯ ಈಳಿಗೆಮಣೆ ಯಾವ ಅಂಗಡಿಯಿಂದ ಬಂತು? ಅಡಿಕೆ ಸುಲಿಯುವ ಮೆಟ್ಟುಗತ್ತಿ, ಹುಲ್ಲು ಕೊಯ್ಯುವ ಕುಡುಗೋಲು ಎಲ್ಲವೂ ಊರ ಕಮ್ಮಾರ ಇಂಥವರ ಕೈಗೆಂದೇ ಬಡಿದದ್ದು. ಕೊಡಗಿನಲ್ಲಿ ಇಂದಿಗೂ ಮದುಮಗನ ಸೊಂಟದಲ್ಲಿ ಪೀಚೆಕತ್ತಿ ಇರುತ್ತದೆ, ಕೈಲ್‌ಪೊಳ್ದಿಗೆ ಆಯುಧಗಳಿಗೆ ಪೂಜೆಯಾಗುತ್ತದೆ. ಬಡವರ ಮನೆಯಲ್ಲೂ ಇದ್ದದ್ದನ್ನು ಶೋಕಿಯೆಂದು ಕರೆಯುವಂತಾಗಿದ್ದು ನಮ್ಮ ಕಾಲದ ವಿಶೇಷ.

ಹಾಗೆಂದು ಹಳೆಯ ಕಾಲವನ್ನು ಹೊತ್ತು ಮೆರೆಸುವ ಉದ್ದೇಶವೂ ನಮಗಿಲ್ಲ. ಆಯಗಾರನೆಂದು ಕರೆದು, ಸುಗ್ಗಿಗೆ ನಾಲ್ಕು ಸೇರು ಜೋಳ ಅಳೆದು, ಜಗುಲಿಯ ಕೆಳಗೇ ನಿಲ್ಲಿಸಿ ಮಾತಾಡಿಸಿದ ವ್ಯವಸ್ಥೆ ಅದು. ಕಮ್ಮಾರರ ಮಕ್ಕಳು ಸುತ್ತಿಗೆ ಬಿಟ್ಟು ಪಟ್ಟಣಕ್ಕೆ ಓಡಿದ್ದರಲ್ಲಿ ಯಂತ್ರದ ಪಾಲಿನಷ್ಟೇ ನಮ್ಮ ಜಗುಲಿಯ ಪಾಲೂ ಇದೆ. ಇಂದು ಹೋಗುವವರು ಸಮನಾಗಿ ಕೂತು ಮಾತಾಡಲಿ. ಉಕ್ಕಿಗೂ ಇದ್ದಿಲಿಗೂ ಅರ್ಧ ಹಣ ಮುಂಗಡ ಕೊಡಲಿ, ಒಪ್ಪಿದ ಮೇಲೆ ಚೌಕಾಸಿ ಮಾಡದಿರಲಿ, ಬೇಕೆಂದ ದಿನಕ್ಕೆ ಸಿಗಲಿಲ್ಲವೆಂದು ಕೂಗಾಡದಿರಲಿ.

ತುಕ್ಕು ಹಿಡಿಯುತ್ತದಲ್ಲ ಎನ್ನುತ್ತಾರೆ. ಹಿಡಿಯುತ್ತದೆ. ಬಾಳೆಕಾಯಿಯ ಸೊನೆಗೆ ಕಪ್ಪಾಗುತ್ತದೆ, ಹುಣಿಸೆಹುಳಿಗೆ ಕಲೆ ಬೀಳುತ್ತದೆ. ಒರೆಸಿ ಎರಡು ಹನಿ ಎಣ್ಣೆ ಸವರಲು ಸೋಮಾರಿತನವಿರುವವರು ಸ್ಟೇನ್‌ಲೆಸ್ ಸ್ಟೀಲನ್ನೇ ಇಟ್ಟುಕೊಳ್ಳಲಿ, ನಮ್ಮದೇನೂ ಬಲವಂತವಿಲ್ಲ. ಕಾನೂನಿನ ಭಯ ಹುಟ್ಟಿಸುವವರಿಗೂ ಒಂದು ಮಾತು: 1959ರ ಆಯುಧ ಕಾಯಿದೆಯಡಿ ಒಂಬತ್ತು ಅಂಗುಲಕ್ಕಿಂತ ಉದ್ದದ ಅಥವಾ ಎರಡು ಅಂಗುಲಕ್ಕಿಂತ ಅಗಲದ ಅಲಗಿಗೆ ನಿರ್ಬಂಧವಿದೆಯಾದರೂ ಮನೆಬಳಕೆಯ, ಬೇಸಾಯದ ಸಾಧನಗಳು ಅದರಿಂದ ಹೊರಗಿವೆ.

ಕಡೆಗೆ ಸಂಘದ ಕಾರ್ಯಕಾರಿ ಸಮಿತಿಗೆ. ಪ್ರತಿ ವರ್ಷ ಅತಿಥಿಗಳಿಗೆ ಚಿನ್ನದ ಬಣ್ಣ ಬಳಿದ ಪ್ಲಾಸ್ಟಿಕ್ಕಿನ ಭುವನೇಶ್ವರಿಯನ್ನು ಕೊಡುತ್ತೀರಿ. ಅದು ಅವರ ಮನೆಯ ಅಟ್ಟ ಸೇರುತ್ತದೆಂಬುದು ನಿಮಗೂ ಗೊತ್ತು, ನಮಗೂ ಗೊತ್ತು. ಈ ಸಲ ಬಡಿದ ಉಕ್ಕಿನ ಒಂದೊಂದು ಅಡಿಗೆ ಚಾಕು ಕೊಡಿ. ಚಾಕು ಕೊಟ್ಟರೆ ಸ್ನೇಹ ಕತ್ತರಿಸುತ್ತದೆಂಬ ಶಂಕೆಯಿದ್ದವರು ಅತಿಥಿಯಿಂದ ಒಂದು ರೂಪಾಯಿ ಈಸಿಕೊಂಡರಾಯಿತು. ಆದರೆ ಅಕ್ಟೋಬರ್ ಕೊನೆಯ ವಾರದಲ್ಲಿ ಓಡಿದರೆ ಆಗುವುದಿಲ್ಲ. ಮಳೆಗಾಲದಲ್ಲಿ ಬಯಲಿನ ಕುಲುಮೆಗೆ ಕೆಲಸ ಕಡಿಮೆ, ಇದ್ದಿಲು ಹಸಿ. ಏಪ್ರಿಲ್ ಒಳಗೆ ಮುಂಗಡ ತಲುಪಬೇಕು, ಅತಿಥಿಗಳಲ್ಲಿ ಎಡಚರು ಯಾರಾದರೂ ಇದ್ದಾರೆಯೇ ಎಂದು ವಿಚಾರಿಸಿಯೂ ಇಟ್ಟಿರಬೇಕು.