ಬಿಟ್ಟವರನ್ನು ಮರಳಿ ಕರೆಯಬೇಕೇ?

2025ರ ಏಪ್ರಿಲ್ 10ರ ರಾತ್ರಿ ನಾನು ಮಣಿಪಾಲದಲ್ಲಿ ಮಗಳ ಮನೆಯಲ್ಲಿದ್ದೆ. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಐಪಿಎಲ್ ಪಂದ್ಯ. ಡೆಲ್ಲಿ ತಂಡದ ಪರವಾಗಿ ಆಡುತ್ತಿದ್ದ ಕೆ. ಎಲ್. ರಾಹುಲ್ 53 ಎಸೆತಗಳಲ್ಲಿ ಅಜೇಯ 93 ರನ್ ಗಳಿಸಿ ಬೆಂಗಳೂರು ತಂಡವನ್ನು ಸೋಲಿಸಿದರು. ಬಳಿಕ ಬ್ಯಾಟಿನಿಂದ ನೆಲದ ಮೇಲೊಂದು ವೃತ್ತವನ್ನೆಳೆದು, ನಡುವೆ ಬ್ಯಾಟನ್ನು ಊರಿ, ಇದು ತನ್ನ ನೆಲವೆಂಬಂತೆ ಸನ್ನೆ ಮಾಡಿದರು. 'ಕಾಂತಾರ'ವನ್ನು ಕಂಡ ನಮ್ಮ ಕರಾವಳಿಯವರಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಕೆಂಪಂಗಿ ತೊಟ್ಟು ಕುಳಿತಿದ್ದ ಮೊಮ್ಮಗ ಮಾತ್ರ, "ಅಜ್ಜ, ಇವರು ನಮ್ಮವರಲ್ಲವಾ?" ಎಂದು ಕೇಳಿದ.

ನಮ್ಮವರೇ. ಕಾಪುವಿನಿಂದ ದಕ್ಷಿಣಕ್ಕೆ ಹೆದ್ದಾರಿ ಹಿಡಿದರೆ ಸಿಗುವ ಸುರತ್ಕಲ್ಲಿನಲ್ಲಿ ಬೆಳೆದವರು. 2016ರಲ್ಲಿ ಬೆಂಗಳೂರು ತಂಡಕ್ಕಾಗಿ 397 ರನ್ ಗಳಿಸಿದ್ದರು. ಮರುವರ್ಷ ಭುಜದ ಗಾಯದಿಂದ ಆಡಲಾಗಲಿಲ್ಲ. 2018ಕ್ಕೆ ತಂಡವು ಅವರನ್ನು ಬಿಟ್ಟಿತು; ಪಂಜಾಬ್ ತಂಡವು 11 ಕೋಟಿ ಕೊಟ್ಟು ಕೊಂಡಿತು; ಆ ವರ್ಷ ಅವರು ಗಳಿಸಿದ್ದು 659 ರನ್. ಅದೇ ಹರಾಜಿನಲ್ಲಿ ಬೆಂಗಳೂರು ತಂಡವು, ಬೇರೊಬ್ಬರು ಕೂಗಿದ 6 ಕೋಟಿಯನ್ನು ತಾನೇ ತೆತ್ತು, ಯಜುವೇಂದ್ರ ಚಾಹಲರನ್ನು ಮರಳಿ ಪಡೆದಿತ್ತು. 2022ರಲ್ಲಿ ಅವರನ್ನೂ ಬಿಟ್ಟಿತು. ರಾಜಸ್ಥಾನದ ಪರ ಅವರು 27 ವಿಕೆಟ್ ಕಿತ್ತರು. ಆ ವರ್ಷ ಅದಕ್ಕಿಂತ ಹೆಚ್ಚು ಯಾರೂ ಕೀಳಲಿಲ್ಲ. ತನ್ನೊಡನೆ ಯಾರೂ ಸರಿಯಾಗಿ ಮಾತೂ ಆಡಲಿಲ್ಲವೆಂಬ ನೋವನ್ನು ಅವರು ಬಹಿರಂಗವಾಗಿಯೇ ತೋಡಿಕೊಂಡರು.

ಇದು ನಮಗೆ ಹೊಸತಲ್ಲ. ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಮೇಲೆ ಯಕ್ಷಗಾನ ಕಲಾವಿದನೂ ಸ್ವತಂತ್ರನೇ. ಮುಂದಿನ ತಿರುಗಾಟಕ್ಕೆ ಯಾರು ಯಾವ ಮೇಳ ಎಂಬುದು ಮಳೆಗಾಲವಿಡೀ ಉಡುಪಿ, ಕಾರ್ಕಳದ ಹೋಟೆಲುಗಳಲ್ಲಿ ಚರ್ಚೆಯ ವಸ್ತು. ಭಾಗವತರು ಬದಲಾದರೆ, ಹೊಸಬರ ಕಂಠ ಎಷ್ಟೇ ಸೊಗಸಾಗಿರಲಿ, ಮದ್ದಳೆಗಾರರ ಕೈಗೂ ವೇಷಧಾರಿಯ ಹೆಜ್ಜೆಗೂ ಅವರ ಹಾಡು ಕೂಡಿಬರಲು ದಿನಗಳು ಬೇಕು. ಈ ಹೊಂದಾಣಿಕೆಗೆ ಹರಾಜಿನಲ್ಲಿ ಬೆಲೆ ಕೂಗುವವರಿಲ್ಲ.

ಎಲ್ಲರನ್ನೂ ಉಳಿಸಿಕೊಳ್ಳಲೇಬೇಕೆಂದು ನಾನು ವಾದಿಸಲಾರೆ. ಮೊಹಮ್ಮದ್ ಸಿರಾಜರನ್ನೂ ಕೈಬಿಟ್ಟ ತಂಡವೇ 2025ರ ಜೂನ್ 3ರಂದು, ಹದಿನೆಂಟನೆಯ ಪ್ರಯತ್ನದಲ್ಲಿ, ಪ್ರಶಸ್ತಿಯನ್ನು ಗೆದ್ದಿತು. ಹಿಂದೆ ಬಿಟ್ಟಿದ್ದ ದೇವದತ್ತ ಪಡಿಕ್ಕಲ್ 2 ಕೋಟಿಗೆ ಮರಳಿದ್ದೂ ಆ ಸಲವೇ. ಬೆಲೆ ಮೀರಿದರೆ ಬಿಡಬೇಕು, ಆಟ ಕುಂದಿದರೆ ಬಿಡಬೇಕು, ಸರಿ. ಆದರೆ ಮೊದಲ ಮಾತು ಮನೆಯವನೊಡನೆ ಆಗಬೇಕು. 'ಇರುತ್ತೀಯಾ, ಎಷ್ಟಕ್ಕೆ ಇರುತ್ತೀಯಾ' ಎಂದು ಕೇಳಿ, ಆಗದಿದ್ದರೆ ಆಗದೆಂದು ಮುಖ ನೋಡಿ ಹೇಳಿ, ಆಮೇಲೆ ಪೇಟೆಗೆ ಹೋಗಲಿ.

ಕ್ರಿಕೆಟ್ಟಿನ ಬಗ್ಗೆ ಮೇಷ್ಟರಿಗೇಕೆ ಇಷ್ಟು ಬಿಸಿ ಎಂದು ನೀವು ನಗಬಹುದು. ನಾನಿದ್ದ ಶಾಲೆಯೊಂದರಲ್ಲಿ ಗಣಿತಕ್ಕೆ ತಾತ್ಕಾಲಿಕ ಅಧ್ಯಾಪಕರೊಬ್ಬರಿದ್ದರು. ನಾಲ್ಕು ವರ್ಷ ಜೂನ್‌ನಲ್ಲಿ ಬರುತ್ತಿದ್ದರು, ಮಾರ್ಚಿಗೆ ಬಿಡುಗಡೆ. ಐದನೆಯ ವರ್ಷಕ್ಕೆ ಕಡಿಮೆ ಸಂಬಳಕ್ಕೆ ಒಬ್ಬರು ಸಿಕ್ಕರು. ಆ ತೀರ್ಮಾನವಾದಾಗ ನಾನೂ ಸಭೆಯಲ್ಲಿದ್ದೆ. ಅವರಿಗೊಂದು ಮಾತು ತಿಳಿಸೋಣವೆಂದು ಹೇಳಬೇಕೆನಿಸಿತು, ಹೇಳಲಿಲ್ಲ. ಶಾಲೆ ತೆರೆದ ದಿನ ಅವರು ಎಂದಿನಂತೆ ಬಂದು, ವೇಳಾಪಟ್ಟಿಯ ಮುಂದೆ ಬಹಳ ಹೊತ್ತು ನಿಂತು, ನನಗೆ ನಮಸ್ಕಾರ ಹೇಳಿ, ಹತ್ತೂಕಾಲರ ಬಸ್ಸಿಗೆ ಹಿಂದಿರುಗಿದರು. ಅವರ ಬಳಿ ರೇಖಾಗಣಿತ ಕಲಿತವರು ನಿಮ್ಮಲ್ಲಿ ಕೆಲವರಿದ್ದೀರಿ.