ಬೈಹುಲ್ಲಿಗೆ ಯೂರಿಯಾ: ಎಲ್ಲರ ಹಟ್ಟಿಗೂ ಅಲ್ಲ

'ಬೈಹುಲ್ಲಿಗೆ ಯೂರಿಯಾ ಉಪಚಾರ ಮಾಡಿ, ಹಿಂಡಿ ಖರ್ಚು ಇಳಿಸಿ.' ಹೈನುಗಾರಿಕೆ ತರಬೇತಿಗೆ ಹೋದವರೆಲ್ಲ ಈ ಮಾತು ಕೇಳಿರ್ತೀರಿ. ಮಾತು ಸುಳ್ಳಲ್ಲ. ಆದರೆ ಅವರು ಹೇಳುವುದು ಅರ್ಧ ಮಾತ್ರ.

ಬೈಹುಲ್ಲಿನಲ್ಲಿ ಶಕ್ತಿ ಇದೆ, ಗಟ್ಟಿ ನಾರಿನೊಳಗೆ ಸಿಕ್ಕಿಕೊಂಡಿದೆ ಅಷ್ಟೆ. 100 ಕಿಲೋ ಒಣಹುಲ್ಲಿಗೆ 4 ಕಿಲೋ ಯೂರಿಯಾವನ್ನು ಸುಮಾರು 50 ಲೀಟರ್ ನೀರಿನಲ್ಲಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ, ಚೆನ್ನಾಗಿ ತುಳಿದು, ಪ್ಲಾಸ್ಟಿಕ್ ಹೊದೆಸಿ 21 ದಿನ ಬಿಡಬೇಕು. ಒಳಗೆ ಯೂರಿಯಾ ಅಮೋನಿಯಾ ಆಗಿ ನಾರನ್ನು ಸಡಿಲ ಮಾಡುತ್ತದೆ. ಹುಲ್ಲು ಮೆದುವಾಗುತ್ತದೆ, ಜೀರ್ಣ ಆಗುವ ಪಾಲು ಹೆಚ್ಚುತ್ತದೆ. ಶೇ. 3-4ರಷ್ಟಿದ್ದ ಕಚ್ಚಾ ಪ್ರೋಟೀನ್ 7ರ ಆಸುಪಾಸಿಗೆ ಬರುತ್ತದೆ. ಹಾಗೆ ಕೂಡಿದ್ದು ಬರೀ ಸಾರಜನಕ. ಅದನ್ನು ಪ್ರೋಟೀನ್ ಮಾಡಿಕೊಳ್ಳುವುದು ದನದ ಹೊಟ್ಟೆಯ ಸೂಕ್ಷ್ಮಾಣುಗಳ ಕೆಲಸ.

ನಮ್ಮೂರಲ್ಲಿ ಪ್ರಾತ್ಯಕ್ಷಿಕೆಗೆ ಬಂದವರು ಒಂದು ಕುತ್ರಿ ಮಾಡಿ, ಫೋಟೋ ತೆಗೆದು, ಚಹಾ ಕುಡಿದು ಹೋದರು. ಅದನ್ನು ನೋಡಿ ನಾನೂ ಮಾಡಿದೆ. ಹೊದೆಸಿದ್ದು ಹಳೇ ಟಾರ್ಪಾಲು, ಮೂಲೆಯಲ್ಲಿ ಹರಿದಿತ್ತು. ತೆರೆದಾಗ ಒಂದು ಬದಿ ಪೂರ್ತಿ ಕಪ್ಪು ಬೂಸರು. ಅಷ್ಟೂ ಗೊಬ್ಬರಗುಂಡಿಗೆ ಹೋಯಿತು. ಕೇಳೋಣ ಅಂದ್ರೆ 21ನೇ ದಿನ ಯಾರೂ ಇಲ್ಲ! ಎರಡನೇ ಸಲ ಹೊಸ ಪ್ಲಾಸ್ಟಿಕ್ ತಂದು ಅಂಚಿಗೆಲ್ಲ ಮಣ್ಣು ಮೆತ್ತಿದೆ. ಹುಲ್ಲು ಹಳದಿ-ಕಂದು ಬಣ್ಣಕ್ಕೆ ತಿರುಗಿತ್ತು, ಮೂಗಿಗೆ ಘಾಟು. ದನ ಎರಡು ದಿನ ಮೂಸಿ ಬಿಟ್ಟಿತು. ಮೂರನೇ ದಿನದಿಂದ ಕಡ್ಡಿ ಉಳಿಸಲಿಲ್ಲ.

ಆದರೆ ಇಬ್ಬರಿಗೆ ಅರ್ಧ ದಿನದ ಕೆಲಸ. "ಇಷ್ಟು ಹೊತ್ತಿಗೆ ತೋಟದಿಂದ ನಾಲ್ಕು ಹೊರೆ ಹಸಿಹುಲ್ಲು ತರ್ಬಹುದಿತ್ತಲ್ವಾ?" ಅಂದಳು ಮನೆಯಾಕೆ. ಮಳೆಗಾಲದ ಮಟ್ಟಿಗೆ ಅವಳ ಲೆಕ್ಕ ಸರಿ. ಅಡಿಕೆ ತೋಟದಲ್ಲಿ ಹಸಿರು ಇರುವವರೆಗೆ ಈ ಉಪಚಾರ ದಂಡ. ಫೆಬ್ರವರಿಯಿಂದ ಮೇ ತನಕ, ಘಟ್ಟದ ಮೇಲಿಂದ ಬರುವ ಯಂತ್ರದ ಕಟ್ಟಿನ ಹುಲ್ಲನ್ನೇ ನಂಬಿರುವಾಗ ಮಾತ್ರ ಇದಕ್ಕೆ ಬೆಲೆ. ಅದೂ ಬತ್ತಿದ ದನ, ನಾಲ್ಕೈದು ಲೀಟರ್ ಕೊಡುವ ದನಕ್ಕೆ. ಹತ್ತು ಲೀಟರಿನ ದನಕ್ಕೆ ಇದನ್ನು ನಂಬಿ ಹಿಂಡಿ ಕಡಿಮೆ ಮಾಡಿದರೆ ಮೊದಲು ಹಾಲು ಇಳಿಯುತ್ತದೆ, ಆಮೇಲೆ ದನವೂ ಬಡಕಲಾಗುತ್ತದೆ. ರಾಗಿ ಹುಲ್ಲು ಇರುವವರಿಗೆ ಇದರ ಅಗತ್ಯ ಕಡಿಮೆ. ಅದು ಬೈಹುಲ್ಲಿಗಿಂತ ಮೊದಲೇ ಒಳ್ಳೆಯದು.

ನಾನು ಬಿಟ್ಟಿಲ್ಲ. ಬೇಸಗೆಗೆ ಬೇಕಾದಷ್ಟು ಮಾತ್ರ, ಎರಡು ಕಂತಿನಲ್ಲಿ ಮಾಡ್ತೇನೆ. ತಿನ್ನಿಸುವ ಮೊದಲು ಒಂದು ಗಂಟೆ ಹರಡಿ ಘಾಟು ಹೋಗಲಿಕ್ಕೆ ಬಿಡ್ತೇನೆ. ಆರು ತಿಂಗಳೊಳಗಿನ ಕರುಗಳಿಗೆ ಕೊಡುವುದಿಲ್ಲ. ಬಕೆಟಿನಲ್ಲಿ ಉಳಿದ ಯೂರಿಯಾ ನೀರನ್ನು ಕೂಡಲೇ ತೆಂಗಿನ ಬುಡಕ್ಕೆ ಚೆಲ್ಲಿಬಿಡಿ. ಬಾಯಾರಿದ ದನ ಅದನ್ನು ಕುಡಿದರೆ ಡಾಕ್ಟರು ಬರುವ ತನಕ ಉಳಿಯುವುದು ಕಷ್ಟ.